ಆಕಾಶದ ಲೆಕ್ಕ ಬರೆದ ಕ್ಯಾರೋಲಿನ್ ಹರ್ಷೆಲ್

ನಾನು ಕಾಮರ್ಸ್ ವಿದ್ಯಾರ್ಥಿನಿ. ಈದ್‌ನ ಹಿಂದಿನ ಸಂಜೆ ಚಂದ್ರನನ್ನು ಹುಡುಕಲು ಮಹಡಿ ಹತ್ತುವುದನ್ನು ಬಿಟ್ಟರೆ ಆಕಾಶವನ್ನು ಅಷ್ಟಾಗಿ ನೋಡಿದವಳಲ್ಲ. ಹೀಗಿರುವಾಗ ಒಂದು ದಿನ ಸೈನ್ಸ್ ವಿಭಾಗದ ಗೆಳತಿಯೊಬ್ಬಳು ತನ್ನ ಮನೆಯ ಲ್ಯಾಪ್‌ಟಾಪ್‌ನಲ್ಲಿ ಸ್ಟೆಲ್ಲೇರಿಯಂ ಎಂಬ ಉಚಿತ ಸಾಫ್ಟ್‌ವೇರ್ ತೋರಿಸಿದಳು. ಊರು, ದಿನಾಂಕ, ಗಂಟೆ ಕೊಟ್ಟರೆ ಆ ಹೊತ್ತಿಗೆ ನಮ್ಮ ತಲೆಯ ಮೇಲೆ ಯಾವ ನಕ್ಷತ್ರ, ಯಾವ ಗ್ರಹ ಇರುತ್ತದೆ ಎಂದು ಪರದೆಯ ಮೇಲೆ ಬರುತ್ತದೆ. ಇಂದು ರಾತ್ರಿ ಏನೇನು ನೋಡಬೇಕು ಎಂದು ಮೊದಲೇ ಪಟ್ಟಿ ಮಾಡಿಟ್ಟುಕೊಳ್ಳಬಹುದು. ಸ್ವಂತ ದೂರದರ್ಶಕ ಇಟ್ಟುಕೊಂಡಿರುವ ಹವ್ಯಾಸಿಗಳು ನೋಡಿದ್ದಕ್ಕೆಲ್ಲ ದಾಖಲೆಯನ್ನೂ ಬರೆಯುತ್ತಾರೆ. ದಿನಾಂಕ, ಗಂಟೆ, ಸ್ಥಳ, ಯಾವ ದೂರದರ್ಶಕ, ಆ ರಾತ್ರಿ ಆಕಾಶ ಹೇಗಿತ್ತು, ಏನು ಕಂಡಿತು. ಇದು ನಮ್ಮ ಜರ್ನಲ್ ಎಂಟ್ರಿಯೇ ಅಲ್ಲವೇ ಎಂದು ಕೇಳಿದೆ. ಕಾಮರ್ಸ್‌ನವರಿಗೆ ಎಲ್ಲಿ ನೋಡಿದರೂ ಲೆಕ್ಕದ ಪುಸ್ತಕವೇ ಕಾಣುತ್ತದೆ ಎಂದು ಅವಳು ನಕ್ಕಳು.

ಅದೇ ದಿನ ಕ್ಯಾಸಿಯೋಪಿಯಾ ಎಂಬ ನಕ್ಷತ್ರಪುಂಜದಲ್ಲಿರುವ ಒಂದು ನಕ್ಷತ್ರ ಗುಚ್ಛದ ಬಗ್ಗೆ ಅವಳು ಹೇಳಿದಳು. ಅದರ ನಂಬರ್ ಎನ್‌ಜಿಸಿ 7789. ಹವ್ಯಾಸಿಗಳು ಅದನ್ನು ಕ್ಯಾರೋಲಿನ್ಸ್ ರೋಸ್, ಅಂದರೆ ಕ್ಯಾರೋಲಿನ್‌ಳ ಗುಲಾಬಿ ಎಂದು ಕರೆಯುತ್ತಾರೆ. ಈ ಕ್ಯಾರೋಲಿನ್ ಯಾರು ಎಂದು ಹುಡುಕುತ್ತಾ ಹೋದೆ. ಓದಿ ಮುಗಿಸುವಷ್ಟರಲ್ಲಿ ಗೆಳತಿಯ ನಗುವಿಗೆ ಉತ್ತರವೂ ಸಿಕ್ಕಿತು. ಅದನ್ನೇ ಇಲ್ಲಿ ಬರೆದಿದ್ದೇನೆ. ನನ್ನ ಮನೆಮಾತು ಉರ್ದು. ತಪ್ಪುಗಳಿದ್ದರೆ ಕನ್ನಡ ಉಪನ್ಯಾಸಕರು ಮನ್ನಿಸಬೇಕು.

ಕ್ಯಾರೋಲಿನ್ ಹರ್ಷೆಲ್ ಹುಟ್ಟಿದ್ದು 1750ರ ಮಾರ್ಚ್ 16ರಂದು, ಜರ್ಮನಿಯ ಹ್ಯಾನೋವರ್ ನಗರದಲ್ಲಿ. ತಂದೆ ಐಸಾಕ್ ಸೈನ್ಯದ ಬ್ಯಾಂಡಿನಲ್ಲಿ ವಾದ್ಯ ನುಡಿಸುತ್ತಿದ್ದರು. ಮನೆ ತುಂಬ ಮಕ್ಕಳು, ಸಂಬಳ ಕಡಿಮೆ. ಗಂಡುಮಕ್ಕಳಿಗೆಲ್ಲ ತಂದೆ ಸಂಗೀತ ಕಲಿಸಿದರು. ರಾತ್ರಿ ಊಟದ ನಂತರ ತಂದೆ ಮತ್ತು ಅಣ್ಣಂದಿರು ಗಣಿತ, ತತ್ವಶಾಸ್ತ್ರ ಅಂತ ಚರ್ಚೆ ಮಾಡುತ್ತಿದ್ದರೆ ಪುಟ್ಟ ಕ್ಯಾರೋಲಿನ್ ಕೇಳುತ್ತಾ ಎಚ್ಚರವಾಗಿರುತ್ತಿದ್ದರು. ಒಮ್ಮೆ ಚಳಿಗಾಲದ ರಾತ್ರಿ ತಂದೆ ಮಗಳನ್ನು ಬೀದಿಗೆ ಕರೆದುಕೊಂಡು ಹೋಗಿ ನಕ್ಷತ್ರಪುಂಜಗಳನ್ನೂ ಆಗ ಕಾಣುತ್ತಿದ್ದ ಒಂದು ಧೂಮಕೇತುವನ್ನೂ ತೋರಿಸಿದರು. ನಮ್ಮ ಮನೆಯಲ್ಲಿ ಧೂಮಕೇತುವಿಗೆ ದುಮ್‌ದಾರ್ ಸಿತಾರಾ, ಬಾಲದ ನಕ್ಷತ್ರ ಅನ್ನುತ್ತಾರೆ. ಆ ಹುಡುಗಿ ಮುಂದೆ ಇಂಥ ಎಂಟು ಬಾಲದ ನಕ್ಷತ್ರಗಳನ್ನು ತಾನೇ ಹುಡುಕುತ್ತಾಳೆ ಎಂದು ಅಂದು ಆ ಬೀದಿಯಲ್ಲಿ ಯಾರಿಗೆ ಗೊತ್ತಿತ್ತು?

ತಾಯಿ ಆನ್ನಾ ಬೇರೆ ರೀತಿಯವರು. ಮಗಳು ಓದು ಬರಹ ಕಲಿತರೆ ಸಾಕು, ಆಮೇಲೆ ಹೊಲಿಗೆ, ಹೆಣಿಗೆ, ಅಡುಗೆ ಎಂಬುದು ಅವರ ತೀರ್ಮಾನ. ಫ್ರೆಂಚ್ ಕಲಿಯಬಾರದು, ಕುಲೀನ ಮನೆಗಳಲ್ಲಿ ಪಾಠ ಹೇಳಿ ದುಡಿಯುವಂಥ ವಿದ್ಯೆ ಯಾವುದೂ ಬೇಡ. ತಂದೆ ಮಗಳಿಗೆ ಪಿಟೀಲು ಕಲಿಸಬೇಕಾದರೆ ತಾಯಿ ಖುಷಿಯಾಗಿರುವಾಗ ಅಥವಾ ಮನೆಯಲ್ಲಿ ಇಲ್ಲದಿರುವಾಗ ಕಲಿಸಬೇಕಿತ್ತು. ಓದುವಾಗ ಈ ತಾಯಿಯ ಮೇಲೆ ನನಗೆ ತುಂಬ ಸಿಟ್ಟು ಬಂತು. ಆದರೆ ಆನ್ನಾರ ಕಷ್ಟವೂ ಸಣ್ಣದಲ್ಲ. ಗಂಡ ಸೈನ್ಯದ ಜೊತೆ ಹೋಗಿದ್ದ, 1757ರಲ್ಲಿ ಫ್ರೆಂಚರು ಹ್ಯಾನೋವರ್ ಹಿಡಿದುಕೊಂಡರು, ಮಗ ವಿಲಿಯಂ ಇಂಗ್ಲೆಂಡಿಗೆ ಹೊರಟುಹೋದರು. ಗಂಡುಮಕ್ಕಳು ಇಷ್ಟು ಕಲಿಯದೇ ಇದ್ದಿದ್ದರೆ ಮನೆ ಬಿಟ್ಟು ಹೋಗುತ್ತಿರಲಿಲ್ಲ ಎಂದು ಆ ತಾಯಿ ನಂಬಿದ್ದರು. ವಿದ್ಯೆ ಎಂದರೆ ಮಕ್ಕಳನ್ನು ಕಸಿದುಕೊಳ್ಳುವ ವಸ್ತು ಎಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತಾಯಿಗೆ ಬರೆಯಲು ಬರುತ್ತಿರಲಿಲ್ಲ. ದೂರದಲ್ಲಿದ್ದ ಗಂಡನಿಗೆ ಪತ್ರವನ್ನು ಮಗಳೇ ಬರೆಯಬೇಕಿತ್ತು. ನೆರೆಹೊರೆಯ ಸೈನಿಕರ ಹೆಂಡತಿಯರಿಗೂ ಅವರೇ ಬರೆದುಕೊಡುತ್ತಿದ್ದರು. ಬೇರೆಯವರು ಹೇಳಿದ್ದನ್ನು ತಪ್ಪಿಲ್ಲದೆ ಕಾಗದಕ್ಕೆ ಇಳಿಸುವ ಕೆಲಸ ಅಷ್ಟು ಚಿಕ್ಕ ವಯಸ್ಸಿನಲ್ಲೇ ಶುರುವಾಗಿತ್ತು.

ಹತ್ತನೇ ವಯಸ್ಸಿನಲ್ಲಿ ಟೈಫಸ್ ಜ್ವರ ಬಂದು ಅವರ ಬೆಳವಣಿಗೆ ನಿಂತಿತು. ಕೊನೆಯವರೆಗೂ ಎತ್ತರ ನಾಲ್ಕು ಅಡಿ ಮೂರು ಅಂಗುಲ. ರೂಪವೂ ಇಲ್ಲ, ಹಣವೂ ಇಲ್ಲ, ಆದ್ದರಿಂದ ಮದುವೆಯ ಆಸೆ ಇಟ್ಟುಕೊಳ್ಳಬೇಡ ಎಂಬ ಅರ್ಥದ ಮಾತನ್ನು ತಂದೆಯೇ ಹೇಳಿದ್ದರು. 1767ರಲ್ಲಿ ಆ ತಂದೆಯೂ ತೀರಿಕೊಂಡರು. ಇಪ್ಪತ್ತೆರಡು ವರ್ಷದವರೆಗೆ ಕ್ಯಾರೋಲಿನ್ ಆ ಮನೆಯ ಸಂಬಳವಿಲ್ಲದ ಕೆಲಸದವರು.

1772ರಲ್ಲಿ ಅಣ್ಣ ವಿಲಿಯಂ ಬಂದು ತಂಗಿಯನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ತಾಯಿ ಸುಮ್ಮನೆ ಒಪ್ಪಲಿಲ್ಲ. ಮನೆಗೆಲಸಕ್ಕೆ ಒಬ್ಬಳನ್ನು ಇಟ್ಟುಕೊಳ್ಳಲು ಬೇಕಾದ ಹಣವನ್ನು ವರ್ಷಕ್ಕಿಷ್ಟು ಎಂದು ವಿಲಿಯಂ ಕೊಡಬೇಕಾಯಿತು. ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಅಲ್ಲಿಯವರೆಗೆ ಕ್ಯಾರೋಲಿನ್ ಮಾಡಿದ ಕೆಲಸಕ್ಕೆ ಯಾವ ಪುಸ್ತಕದಲ್ಲೂ ಲೆಕ್ಕವಿರಲಿಲ್ಲ. ಅವರು ಹೊರಟ ದಿನ ಮಾತ್ರ ಅದಕ್ಕೆ ಒಂದು ಬೆಲೆ ನಿಗದಿಯಾಯಿತು.

ತೆರೆದ ಗಾಡಿಯಲ್ಲಿ ಆರು ದಿನ ಹಗಲು ರಾತ್ರಿ ಪ್ರಯಾಣ, ಆಮೇಲೆ ಬಿರುಗಾಳಿಯಲ್ಲಿ ಸಮುದ್ರ ದಾಟಿ ಯಾರ್ಮತ್ ತೀರ. ಅಲ್ಲಿಂದ ಬಾತ್ ಎಂಬ ಊರು. ವಿಲಿಯಂ ಅಲ್ಲಿನ ಆಕ್ಟಗನ್ ಚಾಪೆಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದರು, ಊರಿನ ಶ್ರೀಮಂತರಿಗೆ ಸಂಗೀತ ಪಾಠ ಹೇಳುತ್ತಿದ್ದರು. ತಂಗಿಯನ್ನು ಹಾಡುಗಾರ್ತಿ ಮಾಡಬೇಕು ಎಂಬುದು ಅವರ ಯೋಜನೆ. ಬೆಳಗಿನ ತಿಂಡಿಯ ಹೊತ್ತಿಗೆ ಅಣ್ಣ ಇಂಗ್ಲಿಷ್, ಲೆಕ್ಕ ಮತ್ತು ಮನೆಯ ಖರ್ಚು ಬರೆಯುವುದನ್ನು ಕಲಿಸುತ್ತಿದ್ದರು. ಕ್ಯಾರೋಲಿನ್‌ಗೆ ಮಗ್ಗಿ ಜೀವನಪೂರ್ತಿ ಬಾಯಿಗೆ ಬರಲೇ ಇಲ್ಲ. ಮಗ್ಗಿ ಬರೆದ ಒಂದು ಕಾಗದವನ್ನು ಸದಾ ಜೊತೆಗೆ ಇಟ್ಟುಕೊಂಡಿರುತ್ತಿದ್ದರು. ಲೆಕ್ಕ ಬರುವುದಿಲ್ಲ ಎಂದು ಕಣ್ಣೀರು ಹಾಕುವ ನಮ್ಮ ಕ್ಲಾಸಿನ ಕೆಲವರಿಗಾಗಿ ಈ ಸಂಗತಿಯನ್ನು ವಿಶೇಷವಾಗಿ ಬರೆದಿದ್ದೇನೆ. ಯಾಕೆಂದರೆ ಇದೇ ಕ್ಯಾರೋಲಿನ್ ಮುಂದೆ ಸಾವಿರಾರು ನಕ್ಷತ್ರಗಳ ಸ್ಥಾನವನ್ನು ಲೆಕ್ಕ ಹಾಕಿದವರು.

ಅವರ ಹಾಡು ಚೆನ್ನಾಗಿಯೇ ನಡೆಯಿತು. 1778ರ ಹೊತ್ತಿಗೆ ಮುಖ್ಯ ಗಾಯಕಿಯಾಗಿದ್ದರು. ಬರ್ಮಿಂಗ್‌ಹ್ಯಾಮ್ ಉತ್ಸವದಲ್ಲಿ ಹಾಡಲು ಕರೆ ಬಂದಿತ್ತು. ಅಣ್ಣನ ಮುಂದೆಯಲ್ಲದೆ ಬೇರೆ ಕಡೆ ಹಾಡುವುದಿಲ್ಲ ಎಂದು ಅವರೇ ಬೇಡವೆಂದರು. ಅಷ್ಟರಲ್ಲಿ ಅಣ್ಣನಿಗೆ ನಕ್ಷತ್ರದ ಹುಚ್ಚು ಹಿಡಿದಿತ್ತು. ಮನೆಯೇ ಕಾರ್ಖಾನೆಯಾಯಿತು. ದೂರದರ್ಶಕದ ಕನ್ನಡಿ ಎರಕ ಹೊಯ್ಯುವ ಅಚ್ಚಿಗೆ ಕುದುರೆ ಲದ್ದಿ ಬೇಕು, ಅದನ್ನು ಕುಟ್ಟಿ ಜರಡಿ ಹಿಡಿಯುವವರಲ್ಲಿ ಕ್ಯಾರೋಲಿನ್ ಒಬ್ಬರು. ಕನ್ನಡಿ ಉಜ್ಜಲು ಕೂತರೆ ವಿಲಿಯಂ ಕೈ ಎತ್ತುವಂತಿರಲಿಲ್ಲ. ಒಮ್ಮೆ ಹದಿನಾರು ಗಂಟೆ ಹಾಗೆ ಕೂತರು. ತಂಗಿಯೇ ಬಾಯಿಗೆ ತುತ್ತಿಟ್ಟು ಉಣಿಸಿದರು, ಪಕ್ಕದಲ್ಲಿ ಕೂತು ಕಥೆ ಓದಿ ಹೇಳಿದರು.

1781ರ ಮಾರ್ಚ್ 13ರಂದು ವಿಲಿಯಂ ಯುರೇನಸ್ ಗ್ರಹವನ್ನು ಕಂಡುಹಿಡಿದರು. ಇದು ನಮ್ಮ ಹೈಸ್ಕೂಲ್ ಪುಸ್ತಕದಲ್ಲೇ ಇದೆ. ಮರುವರ್ಷ ರಾಜ ಮೂರನೇ ಜಾರ್ಜ್ ಅವರಿಗೆ ವರ್ಷಕ್ಕೆ 200 ಪೌಂಡ್ ಸಂಬಳ ಕೊಟ್ಟರು. ಅಣ್ಣ ಸಂಗೀತ ಬಿಟ್ಟರು, ಜೊತೆಗೆ ತಂಗಿಯ ಸಂಗೀತವೂ ನಿಂತಿತು. ನಿನಗೇನು ಬೇಕು ಎಂದು ಕ್ಯಾರೋಲಿನ್‌ರನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಇನ್ನು ಅವರ ನಿಜವಾದ ಕೆಲಸದ ವಿಷಯ. ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. 1783ರಿಂದ ವಿಲಿಯಂ ಇಪ್ಪತ್ತು ಅಡಿ ಉದ್ದದ ದೊಡ್ಡ ದೂರದರ್ಶಕದಲ್ಲಿ ಇಡೀ ಆಕಾಶವನ್ನು ಗುಡಿಸಲು ಹೊರಟರು. ಗುಡಿಸುವುದು ಎಂಬ ಮಾತನ್ನೇ ಅವರು ಬಳಸುತ್ತಿದ್ದರು. ನಾವು ಅಂಗಳ ಗುಡಿಸುವಾಗ ಒಂದು ಪಟ್ಟಿ ಮುಗಿಸಿ ಪಕ್ಕದ ಪಟ್ಟಿಗೆ ಹೋಗುತ್ತೇವಲ್ಲ, ಹಾಗೆ. ದೂರದರ್ಶಕ ದಕ್ಷಿಣಕ್ಕೆ ಮುಖ ಮಾಡಿ ನಿಂತಿರುತ್ತದೆ. ಒಬ್ಬ ಆಳು ಅದನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಆಡಿಸುತ್ತಾ ಇರುತ್ತಾನೆ. ಭೂಮಿ ತಿರುಗುವುದರಿಂದ ಆಕಾಶ ತಾನಾಗಿಯೇ ಮುಂದೆ ಸಾಗುತ್ತದೆ. ಹೀಗೆ ಒಂದು ರಾತ್ರಿಗೆ ಒಂದು ಪಟ್ಟಿ. ಯಾವ ರಾತ್ರಿ ಯಾವ ಪಟ್ಟಿ, ಅದರಲ್ಲಿ ಮೊದಲೇ ಗೊತ್ತಿರುವ ನಕ್ಷತ್ರಗಳು ಯಾವುವು ಎಂಬ ಕಾಗದವನ್ನು ಮೊದಲೇ ಸಿದ್ಧ ಮಾಡಬೇಕು. ಅದು ಕ್ಯಾರೋಲಿನ್ ಕೆಲಸ.

ವಿಲಿಯಂ ಎತ್ತರದ ಅಟ್ಟಣಿಗೆಯ ಮೇಲೆ ಕತ್ತಲಲ್ಲಿ. ಕ್ಯಾರೋಲಿನ್ ಕೆಳಗೆ ಕಿಟಕಿಯ ಬಳಿ ಮೇಜಿನ ಮುಂದೆ. ಮೇಜಿನ ಮೇಲೆ ದೀಪ, ಗಡಿಯಾರ, ನಕ್ಷತ್ರಗಳ ಪಟ್ಟಿ, ಮಸಿ, ಕಾಗದ. ಏನಾದರೂ ಕಂಡರೆ ಅಣ್ಣ ಹಗ್ಗ ಎಳೆದು ಸೂಚನೆ ಕೊಡುತ್ತಿದ್ದರು. ತಂಗಿ ಕಿಟಕಿ ತೆರೆದು ಕೇಳಿಸಿಕೊಂಡು, ಗಡಿಯಾರ ನೋಡಿ ವೇಳೆ ಬರೆದು, ದೂರದರ್ಶಕ ಎಷ್ಟು ಎತ್ತರಕ್ಕೆ ಇದೆ ಎಂಬ ಅಳತೆ ಬರೆದು, ಅಣ್ಣ ಹೇಳಿದ ವಿವರಣೆ ಬರೆದುಕೊಳ್ಳುತ್ತಿದ್ದರು. ಹತ್ತಿರದ ನಕ್ಷತ್ರ ಯಾವುದು ಎಂದು ಪಟ್ಟಿ ನೋಡಿ ಹೇಳುತ್ತಿದ್ದರು. ಅಣ್ಣನೇ ಬರೆದುಕೊಳ್ಳಬಾರದಿತ್ತೇ ಎಂದು ಕೇಳಬಹುದು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಬರೆಯಲು ಒಮ್ಮೆ ದೀಪ ನೋಡಿದರೆ ಅಷ್ಟೂ ಹೊತ್ತು ವ್ಯರ್ಥ, ಆ ಮಸುಕು ಬೆಳಕಿನ ನೀಹಾರಿಕೆಗಳು ಮತ್ತೆ ಕಾಣುವುದಿಲ್ಲ. ಈಗಿನ ಸ್ಟೆಲ್ಲೇರಿಯಂನಲ್ಲಿ ಪರದೆಯನ್ನು ಪೂರ್ತಿ ಕೆಂಪು ಮಾಡುವ ಒಂದು ಬಟನ್ ಇದೆ. ಕೆಂಪು ಬೆಳಕಿನಿಂದ ಕಣ್ಣಿಗೆ ಅಷ್ಟು ತೊಂದರೆಯಾಗುವುದಿಲ್ಲ. ಆ ಬಟನ್ ಮಾಡುವ ಕೆಲಸವನ್ನು ಆ ಮನೆಯಲ್ಲಿ ಒಬ್ಬ ಮನುಷ್ಯಳು ಮಾಡುತ್ತಿದ್ದರು, ಇಪ್ಪತ್ತು ವರ್ಷ, ಸಾವಿರಕ್ಕೂ ಹೆಚ್ಚು ಸಲ. ಬೆಳಗ್ಗೆ ಎದ್ದು ರಾತ್ರಿಯ ಚೀಟಿಗಳನ್ನೆಲ್ಲ ಶುದ್ಧಪ್ರತಿ ಮಾಡಿ, ಲೆಕ್ಕ ಹಾಕಿ, ಪುಸ್ತಕಕ್ಕೆ ಏರಿಸುವುದೂ ಅವರೇ.

1783ರ ಡಿಸೆಂಬರ್ 31ರ ರಾತ್ರಿ ನೆಲದ ಮೇಲೆ ಹಿಮ ಬಿದ್ದಿತ್ತು. ಮೋಡ ಸ್ವಲ್ಪ ಸರಿದು ಕೆಲವು ನಕ್ಷತ್ರ ಕಂಡವು. ಬೇಗ ಬಾ ಎಂದು ಅಣ್ಣ ಕರೆದಾಗ ಓಡಿದ ಕ್ಯಾರೋಲಿನ್ ಜಾರಿ ಬಿದ್ದರು. ಯಂತ್ರದ ಕಬ್ಬಿಣದ ಕೊಕ್ಕೆ ಮೊಣಕಾಲಿನ ಮೇಲ್ಭಾಗದಲ್ಲಿ ಹೊಕ್ಕಿತು. ಎತ್ತಿ ಬಿಡಿಸುವಾಗ ಮಾಂಸದ ತುಂಡು ಕೊಕ್ಕೆಯಲ್ಲೇ ಉಳಿಯಿತು. ಎಷ್ಟೋ ದಿನ ಗಾಯ ಮಾಯಲಿಲ್ಲ. ಆ ರಾತ್ರಿ ಆಮೇಲೆ ಮೋಡವೇ ಇದ್ದುದರಿಂದ ಅಣ್ಣನ ಕೆಲಸಕ್ಕೇನೂ ನಷ್ಟವಾಗಲಿಲ್ಲ ಎಂಬುದು ಅವರಿಗೆ ಸಮಾಧಾನವಾಗಿತ್ತು. ಇದನ್ನು ಓದಿ ಮೆಚ್ಚಬೇಕೋ ಬೈಯಬೇಕೋ ನನಗೆ ತಿಳಿಯಲಿಲ್ಲ. ನಮ್ಮ ಮನೆಗಳಲ್ಲೂ ಕೈ ಸುಟ್ಟುಕೊಂಡರೂ ಊಟ ತಡವಾಗಲಿಲ್ಲವಲ್ಲ ಎಂದು ಸಮಾಧಾನ ಪಡುವವರು ಇದ್ದಾರೆ.

ಈ ಗುಡಿಸುವಿಕೆಯಿಂದ ಬಂದದ್ದು ಎಷ್ಟು? ಅದಕ್ಕೆ ಮುಂಚೆ ಫ್ರಾನ್ಸಿನ ಮೆಸ್ಸಿಯೇ ಮಾಡಿದ ಪಟ್ಟಿಯಲ್ಲಿ ನೂರರಷ್ಟು ನೀಹಾರಿಕೆ ಮತ್ತು ಗುಚ್ಛಗಳಿದ್ದವು. ವಿಲಿಯಂ 1786ರಲ್ಲಿ ಒಂದು ಸಾವಿರ, 1789ರಲ್ಲಿ ಇನ್ನೊಂದು ಸಾವಿರ, 1802ರಲ್ಲಿ ಐನೂರು, ಒಟ್ಟು 2500ರ ಪಟ್ಟಿ ಪ್ರಕಟಿಸಿದರು. ಮೂರಕ್ಕೂ ಹೆಸರು ವಿಲಿಯಂ ಅವರದು.

ತಂಗಿಗೂ ಅಣ್ಣ ಒಂದು ಪುಟ್ಟ ದೂರದರ್ಶಕ ಮಾಡಿಕೊಟ್ಟಿದ್ದರು. ಅಣ್ಣ ಊರಿನಲ್ಲಿ ಇಲ್ಲದ ರಾತ್ರಿಗಳಲ್ಲಿ ಕ್ಯಾರೋಲಿನ್ ತಮಗಾಗಿ ಆಕಾಶ ನೋಡುತ್ತಿದ್ದರು. ಗೆಳತಿ ಹೇಳಿದ ಆ ಗುಲಾಬಿ ಸಿಕ್ಕಿದ್ದು 1783ರಲ್ಲಿ. 1786ರ ಆಗಸ್ಟ್‌ನಲ್ಲಿ ವಿಲಿಯಂ ಜರ್ಮನಿಗೆ ಹೋಗಿದ್ದರು. ಮನೆ ಸ್ಲೌ ಎಂಬ ಊರಿನಲ್ಲಿ. ಕ್ಯಾರೋಲಿನ್ ಹಗಲೆಲ್ಲ ಮನೆಯ ಕೆಲಸದವರ ಲೆಕ್ಕ ನೋಡಿ, ನೀಹಾರಿಕೆಗಳ ಲೆಕ್ಕ ಹಾಕಿ, ಆಗಸ್ಟ್ 1ರ ರಾತ್ರಿ ಆಕಾಶ ನೋಡುವಾಗ ಒಂದು ಮಸುಕಾದ ಚುಕ್ಕೆ ಕಂಡಿತು. ಧೂಮಕೇತು ದೂರದಲ್ಲಿದ್ದಾಗ ಬಾಲ ಕಾಣುವುದಿಲ್ಲ, ಥೇಟ್ ನೀಹಾರಿಕೆಯ ಹಾಗೆ ಇರುತ್ತದೆ. ವ್ಯತ್ಯಾಸ ಒಂದೇ, ನೀಹಾರಿಕೆ ಇದ್ದಲ್ಲೇ ಇರುತ್ತದೆ, ಧೂಮಕೇತು ಜಾಗ ಬದಲಾಯಿಸುತ್ತದೆ. ಅಲ್ಲಿ ಮೊದಲು ಏನಿತ್ತು ಎಂದು ಬರೆದಿಟ್ಟಿದ್ದರೆ ಮಾತ್ರ ಇದು ಹೊಸದು ಎಂದು ಗೊತ್ತಾಗುವುದು. ಕ್ಯಾರೋಲಿನ್ ಬಳಿ ಬರೆದದ್ದು ಇತ್ತು. ಮರುದಿನವಿಡೀ ಮಳೆ. ಆ ದಿನವೂ ಅವರು ಕೂತು 150 ನೀಹಾರಿಕೆಗಳ ಲೆಕ್ಕ ಮುಗಿಸಿದರು. ರಾತ್ರಿ ಒಂದು ಗಂಟೆಯ ಹೊತ್ತಿಗೆ ಆಕಾಶ ತೆರೆಯಿತು. ಚುಕ್ಕೆ ಸರಿದಿತ್ತು. ಕೂಡಲೇ ರಾಯಲ್ ಸೊಸೈಟಿಯ ಕಾರ್ಯದರ್ಶಿ ಬ್ಲಾಗ್ಡನ್ ಅವರಿಗೆ ಪತ್ರ ಬರೆದರು.

ಮರುವರ್ಷ, 1787ರಲ್ಲಿ, ರಾಜರು ಅವರನ್ನು ಅಣ್ಣನ ಸಹಾಯಕಿ ಎಂದು ನೇಮಿಸಿ ವರ್ಷಕ್ಕೆ 50 ಪೌಂಡ್ ಸಂಬಳ ಗೊತ್ತುಮಾಡಿದರು. ಇಂಗ್ಲೆಂಡಿನಲ್ಲಿ ವಿಜ್ಞಾನದ ಕೆಲಸಕ್ಕೆ ಸಂಬಳ ಪಡೆದ ಮೊದಲ ಹೆಣ್ಣು ಅವರು. ಮೂರು ತಿಂಗಳಿಗೊಮ್ಮೆ 12 ಪೌಂಡ್ 10 ಶಿಲ್ಲಿಂಗ್. ಆಗ ಅವರ ವಯಸ್ಸು ಮೂವತ್ತೇಳು. ತಮ್ಮ ಇಷ್ಟದಂತೆ ಖರ್ಚು ಮಾಡಬಹುದು ಎಂದು ಅವರಿಗೆ ಅನ್ನಿಸಿದ ಮೊದಲ ಹಣ ಅದು.

1797ರವರೆಗೆ ಒಟ್ಟು ಎಂಟು ಧೂಮಕೇತುಗಳನ್ನು ಅವರು ಕಂಡರು. ಕೆಲವನ್ನು ಬೇರೆ ದೇಶದವರೂ ಅದೇ ಹೊತ್ತಿಗೆ ಅಥವಾ ಸ್ವಲ್ಪ ಮುಂಚೆ ಕಂಡಿದ್ದರು. ಕೊನೆಯದನ್ನು ಕಂಡ ರಾತ್ರಿ ಒಂದು ಗಂಟೆ ಮಾತ್ರ ಮಲಗಿ, ಕುದುರೆ ಏರಿ ಗ್ರೀನಿಚ್‌ವರೆಗೆ ಹೋಗಿ ರಾಜ ಖಗೋಳಜ್ಞ ಮ್ಯಾಸ್ಕೆಲಿನ್ ಅವರಿಗೆ ತಾವೇ ಸುದ್ದಿ ಮುಟ್ಟಿಸಿದರು. 1795ರಲ್ಲಿ ಅವರು ಕಂಡ ಧೂಮಕೇತುವನ್ನು 1786ರಲ್ಲಿ ಮೆಶೇನ್ ಎಂಬವರೂ 1805 ಮತ್ತು 1818ರಲ್ಲಿ ಪಾನ್ಸ್ ಎಂಬವರೂ ನೋಡಿದ್ದರು. ನಾಲ್ಕೂ ಬೇರೆ ಬೇರೆ ಎಂದೇ ಎಲ್ಲರ ನಂಬಿಕೆ. 1819ರಲ್ಲಿ ಎಂಕೆ ಎಂಬ ಗಣಿತಜ್ಞರು ಹಳೆಯ ದಾಖಲೆಗಳ ದಿನಾಂಕ, ಸ್ಥಾನಗಳನ್ನು ಹಿಡಿದು ಲೆಕ್ಕ ಹಾಕಿ, ಇದು ಸುಮಾರು ಮೂರೂಕಾಲು ವರ್ಷಕ್ಕೊಮ್ಮೆ ಬರುವ ಒಂದೇ ಧೂಮಕೇತು ಎಂದು ತೋರಿಸಿದರು. ಇನ್ನೊಂದು, 1788ರಲ್ಲಿ ಕ್ಯಾರೋಲಿನ್ ಕಂಡದ್ದು, 1939ರಲ್ಲಿ ಮತ್ತೆ ಬಂತು. ಆಗ ಅದನ್ನು ನೋಡಿದ ರಿಗೋಲೆ ಎಂಬವರ ಹೆಸರೂ ಸೇರಿ ಅದೀಗ ಹರ್ಷೆಲ್-ರಿಗೋಲೆ ಧೂಮಕೇತು. ನೂರೈವತ್ತೊಂದು ವರ್ಷದ ಹಿಂದಿನ ಎಂಟ್ರಿ ಟ್ಯಾಲಿ ಆಯಿತು ಅನ್ನಿ!

ಈಗ ನಮ್ಮ ಅಕೌಂಟೆನ್ಸಿಗೆ ಬರುತ್ತೇನೆ. ಗ್ರೀನಿಚ್‌ನ ಮೊದಲ ರಾಜ ಖಗೋಳಜ್ಞ ಫ್ಲಾಮ್‌ಸ್ಟೀಡ್ ಅವರ ನಕ್ಷತ್ರ ಪಟ್ಟಿ 1725ರಲ್ಲಿ ಪ್ರಕಟವಾಗಿತ್ತು. ಸುಮಾರು ಮೂರು ಸಾವಿರ ನಕ್ಷತ್ರ. ಎಲ್ಲರೂ ಅದನ್ನೇ ನಂಬಿ ಕೆಲಸ ಮಾಡುತ್ತಿದ್ದರು. ವಿಲಿಯಂ ಆಕಾಶ ನೋಡುವಾಗ ಪಟ್ಟಿಯಲ್ಲಿರುವ ಕೆಲವು ನಕ್ಷತ್ರಗಳು ಅಲ್ಲಿ ಕಾಣಲಿಲ್ಲ. ನಕ್ಷತ್ರವೇ ಮಾಯವಾಯಿತೋ, ಬರೆದವರೇ ತಪ್ಪು ಬರೆದರೋ? ಇದು ಸಣ್ಣ ಪ್ರಶ್ನೆಯಲ್ಲ. ಪುಸ್ತಕ ಸರಿ ಎಂದಾದರೆ ಆಕಾಶ ಬದಲಾಗುತ್ತಿದೆ ಎಂದರ್ಥ. ಉತ್ತರ ತಿಳಿಯಬೇಕಾದರೆ ಪಟ್ಟಿಯಿಂದ ಹಿಂದಕ್ಕೆ ಹೋಗಿ, ಫ್ಲಾಮ್‌ಸ್ಟೀಡ್ ಯಾವ ರಾತ್ರಿ ಅದನ್ನು ನೋಡಿದರು ಎಂದು ಮೂಲ ದಾಖಲೆಯಲ್ಲಿ ಹುಡುಕಬೇಕು. ಮೂಲ ದಾಖಲೆ ಇನ್ನೊಂದು ಸಂಪುಟದಲ್ಲಿ ತಾರೀಕಿನ ಕ್ರಮದಲ್ಲಿ ಇತ್ತು, ಸೂಚಿಯೇ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜರ್ನಲ್ ಇದೆ, ಲೆಡ್ಜರ್ ಇದೆ, ಎಲ್.ಎಫ್. ಕಾಲಂ ಮಾತ್ರ ಖಾಲಿ. ಯಾವ ಎಂಟ್ರಿ ಯಾವ ಪುಟದಿಂದ ಬಂತೆಂದು ಯಾರಿಗೂ ಗೊತ್ತಿಲ್ಲ. ನಾನು ಮೊದಲ ಪಿಯುಸಿಯಲ್ಲಿ ಎಲ್.ಎಫ್. ಕಾಲಂ ಯಾಕೆ ಬೇಕು ಎಂದು ಬಿಟ್ಟುಬಿಡುತ್ತಿದ್ದೆ. ಈಗ ಬಿಡುವುದಿಲ್ಲ.

ಆ ಕಾಲಂ ತುಂಬಿದವರು ಕ್ಯಾರೋಲಿನ್. ಇಪ್ಪತ್ತು ತಿಂಗಳು ಕೂತು ಪ್ರತಿ ನಕ್ಷತ್ರವನ್ನೂ ಅದರ ಮೂಲ ದಾಖಲೆಗೆ ಜೋಡಿಸಿದರು. ಫ್ಲಾಮ್‌ಸ್ಟೀಡ್ ನೋಡಿ ಬರೆದಿದ್ದರೂ ಪಟ್ಟಿಗೆ ಏರಿಸಲು ಬಿಟ್ಟಿದ್ದ 561 ನಕ್ಷತ್ರಗಳು ಸಿಕ್ಕವು. ನಮ್ಮ ಪಾಠದ ಎರರ್ ಆಫ್ ಒಮಿಷನ್ ಇದೇ ಅಲ್ಲವೇ? ಯಾವ ರಾತ್ರಿಯೂ ನೋಡಿದ ದಾಖಲೆ ಇಲ್ಲದೆ ಪಟ್ಟಿಯಲ್ಲಿ ಕೂತಿದ್ದ ನಕ್ಷತ್ರಗಳೂ ಸಿಕ್ಕವು, ಅಂದರೆ ವೋಚರ್ ಇಲ್ಲದ ಎಂಟ್ರಿ. ಜೊತೆಗೆ ತಪ್ಪೊಪ್ಪೋಲೆಯನ್ನೂ ಮಾಡಿದರು. ಆಕಾಶ ಬದಲಾಗಿದೆ ಎಂದು ಅನುಮಾನಪಟ್ಟಿದ್ದ ಎಷ್ಟೋ ಕಡೆ ಪುಸ್ತಕವೇ ತಪ್ಪಾಗಿತ್ತು. 1798ರಲ್ಲಿ ರಾಯಲ್ ಸೊಸೈಟಿ ಇದನ್ನು ಮುದ್ರಿಸಿತು. ಇದರ ಮೇಲೆ ಹೆಸರು ಕ್ಯಾರೋಲಿನ್ ಅವರದೇ. ಮಗ್ಗಿಯ ಕಾಗದ ಇಟ್ಟುಕೊಂಡಿದ್ದವರು ಮಾಡಿದ ಕೆಲಸ ಇದು.

ಆದರೆ ಇದೇ ವರ್ಷಗಳಲ್ಲಿ ಅವರ ಸ್ವಂತ ಜೀವನದ ಪುಟಗಳು ಖಾಲಿ ಇವೆ. 1788ರ ಮೇ ತಿಂಗಳಲ್ಲಿ ವಿಲಿಯಂ, ಮೇರಿ ಪಿಟ್ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾದರು. ಹದಿನಾರು ವರ್ಷ ಮನೆ ನಡೆಸಿದ್ದ ತಂಗಿ ಬೀಗದ ಕೈ ಕೊಟ್ಟು ಬಾಡಿಗೆ ಕೋಣೆಗೆ ಹೋದರು. ಅಲ್ಲಿಂದಲೇ ಪ್ರತಿದಿನ ಕೆಲಸಕ್ಕೆ ಬರುತ್ತಿದ್ದರು. ದಿನಚರಿ ಬರೆಯುವ ಅಭ್ಯಾಸ ಅವರಿಗೆ ಇತ್ತು. 1788ರಿಂದ 1798ರವರೆಗಿನ ಹತ್ತು ವರ್ಷದ ದಿನಚರಿಯನ್ನು ಮುಂದೆ ಅವರೇ ನಾಶ ಮಾಡಿದರು. ಆಮೇಲೆ ಅತ್ತಿಗೆಯ ಜೊತೆ ಪ್ರೀತಿ ಬೆಳೆಯಿತು, 1792ರಲ್ಲಿ ಹುಟ್ಟಿದ ಅಣ್ಣನ ಮಗ ಜಾನ್ ಎಂದರೆ ಅವರಿಗೆ ಪ್ರಾಣ. ಬಹುಶಃ ಅದಕ್ಕೇ ಹಳೆಯ ಮಾತುಗಳು ಉಳಿಯಬಾರದು ಎಂದು ಹರಿದಿರಬೇಕು. ಫ್ಲಾಮ್‌ಸ್ಟೀಡ್ ಬಿಟ್ಟ 561 ನಕ್ಷತ್ರಗಳನ್ನು ಒಂದೊಂದಾಗಿ ಹುಡುಕಿ ಪುಸ್ತಕಕ್ಕೆ ಸೇರಿಸಿದ ಕೈ, ತನ್ನದೇ ಹತ್ತು ವರ್ಷಗಳನ್ನು ಪುಸ್ತಕದಿಂದ ತೆಗೆದುಹಾಕಿತು. ನಾನಾಗಿದ್ದರೆ ಇಟ್ಟುಕೊಂಡಿರುತ್ತಿದ್ದೆ. ಹಾಗೆ ಹೇಳುವುದು ಹದಿನೇಳರಲ್ಲಿ ಸುಲಭ ಎಂದು ಇದನ್ನು ಓದಿದ ಅಮ್ಮಿ ಹೇಳುತ್ತಾರೆ.

1822ರ ಆಗಸ್ಟ್ 25ರಂದು ವಿಲಿಯಂ ತೀರಿಕೊಂಡರು. ದುಃಖದಲ್ಲಿ ಕ್ಯಾರೋಲಿನ್ ಅವಸರದ ತೀರ್ಮಾನ ಮಾಡಿ, ಎಪ್ಪತ್ತೆರಡನೇ ವಯಸ್ಸಿನಲ್ಲಿ ಹ್ಯಾನೋವರ್‌ಗೆ ಮರಳಿದರು. ಐವತ್ತು ವರ್ಷದ ಹಿಂದೆ ಬಿಟ್ಟ ಊರು ಅಲ್ಲಿ ಇರಲಿಲ್ಲ. ಬೀದಿಯ ಎದುರಿನ ಮನೆಗಳ ಮಾಡು ಅಡ್ಡ ಬಂದು ಕಿಟಕಿಯಿಂದ ಆಕಾಶವೂ ಸರಿಯಾಗಿ ಕಾಣುತ್ತಿರಲಿಲ್ಲ. ಬಂದದ್ದು ತಪ್ಪಾಯಿತು ಎಂದು ಬೇಗ ತಿಳಿಯಿತು, ಆದರೆ ವಾಪಸ್ ಹೋಗಲಿಲ್ಲ.

ನೋಡಲು ಆಕಾಶವಿಲ್ಲದ ಆ ಮನೆಯಲ್ಲೇ ಅವರು ತಮ್ಮ ಅತಿ ದೊಡ್ಡ ಕೆಲಸ ಮಾಡಿದರು. ಅಣ್ಣನ ಮಗ ಜಾನ್, ತಂದೆ ಕಂಡ 2500 ನೀಹಾರಿಕೆಗಳನ್ನು ಮತ್ತೊಮ್ಮೆ ನೋಡಿ ಪರಿಶೀಲಿಸಲು ಹೊರಟಿದ್ದರು. ವಿಲಿಯಂ ಪಟ್ಟಿಗಳಲ್ಲಿ ಅವುಗಳನ್ನು ಎಂಟು ವರ್ಗ ಮಾಡಿ, ಪ್ರತಿ ವರ್ಗದಲ್ಲೂ ಕಂಡ ಕ್ರಮದಲ್ಲಿ ಬರೆದಿತ್ತು. ಒಂದು ರಾತ್ರಿ ಒಂದು ಪಟ್ಟಿ ಗುಡಿಸುವವನಿಗೆ ಅದು ಪ್ರಯೋಜನವಿಲ್ಲ. ಇವತ್ತು ಈ ಪಟ್ಟಿಯಲ್ಲಿ ಮೊದಲು ಯಾವುದು ಬರುತ್ತದೆ, ಆಮೇಲೆ ಯಾವುದು ಎಂದು ಬೇಕು. ಅದೂ ಅಲ್ಲದೆ ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರಗಳ ಸ್ಥಾನದ ಅಂಕಿಗಳು ವರ್ಷ ವರ್ಷಕ್ಕೂ ಸ್ವಲ್ಪ ಬದಲಾಗುತ್ತವೆ. ಇಪ್ಪತ್ತು ವರ್ಷದಲ್ಲಿ ಬರೆದ ಅಂಕಿಗಳನ್ನೆಲ್ಲ ಒಂದೇ ವರ್ಷಕ್ಕೆ ಹೊಂದಿಸಬೇಕು. ಕ್ಯಾರೋಲಿನ್ 2500ನ್ನೂ 1800ನೇ ವರ್ಷಕ್ಕೆ ಹೊಂದಿಸಿ, ಧ್ರುವದಿಂದ ಎಷ್ಟು ದೂರ ಎಂಬುದರ ಮೇಲೆ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದಲ್ಲೂ ಆಕಾಶದಲ್ಲಿ ಬರುವ ಕ್ರಮದಲ್ಲೇ ಜೋಡಿಸಿ, 1825ರಲ್ಲಿ ಜಾನ್‌ಗೆ ಕಳುಹಿಸಿದರು. ಎಕ್ಸೆಲ್‌ನಲ್ಲಿ ಸಾರ್ಟ್ ಬಟನ್ ಒತ್ತಿದರೆ ಆಗುವ ಕೆಲಸ ಎಂದು ಯಾರಾದರೂ ಹೇಳಬಹುದು. ಅದನ್ನು ಎಪ್ಪತ್ತೈದು ವರ್ಷದ ಅಜ್ಜಿಯೊಬ್ಬರು ಗರಿ ಲೇಖನಿಯಿಂದ ಮಾಡಿದರು. ಜಾನ್ ಪ್ರತಿ ರಾತ್ರಿ ಏನು ನೋಡಬೇಕೆಂದು ಅದರಿಂದಲೇ ಕಾಗದ ತಯಾರಿಸಿಕೊಂಡರು. 1833ರಲ್ಲಿ ಅವರ ಪಟ್ಟಿ ಬಂತು. 1864ರಲ್ಲಿ ಇನ್ನೂ ದೊಡ್ಡದು. ಅದನ್ನು ಆಧರಿಸಿ 1888ರಲ್ಲಿ ಡ್ರೇಯರ್ ಎಂಬವರು 7840 ಎಂಟ್ರಿಗಳ ನ್ಯೂ ಜನರಲ್ ಕ್ಯಾಟಲಾಗ್ ಮಾಡಿದರು. ಅದರ ಮೊದಲಕ್ಷರಗಳೇ ಎನ್‌ಜಿಸಿ. ಗೆಳತಿ ಹೇಳಿದ ಆ 7789 ಈ ಪುಸ್ತಕದ ನಂಬರ್. ಪ್ರಪಂಚದಲ್ಲಿ ಯಾರೇ ಹವ್ಯಾಸಿ ಇಂದು ರಾತ್ರಿ ಸಾಫ್ಟ್‌ವೇರ್‌ನಲ್ಲಿ ಎನ್‌ಜಿಸಿ ಎಂದು ಟೈಪ್ ಮಾಡಿದರೂ ಆ ಪಟ್ಟಿಯ ಬುಡದಲ್ಲಿ ಕ್ಯಾರೋಲಿನ್ ಅವರ ಕೈಬರಹ ಇದೆ. ಇದನ್ನು ಹೇಳಿದಾಗ ಗೆಳತಿ ಈ ಸಲ ನಗಲಿಲ್ಲ.

1828ರಲ್ಲಿ ಲಂಡನ್ನಿನ ಖಗೋಳ ಸಂಘ, ಮುಂದೆ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಎನಿಸಿದ್ದು, ಈ ವಲಯ ಪಟ್ಟಿಗೇ ಅವರಿಗೆ ಚಿನ್ನದ ಪದಕ ಕೊಟ್ಟಿತು, ಧೂಮಕೇತುಗಳಿಗೆ ಅಲ್ಲ. ಆ ಪದಕ ಇನ್ನೊಬ್ಬ ಹೆಣ್ಣಿಗೆ ಸಿಕ್ಕಿದ್ದು 1996ರಲ್ಲಿ, ವೆರಾ ರೂಬಿನ್ ಅವರಿಗೆ. ನಡುವೆ 168 ವರ್ಷ. 1835ರಲ್ಲಿ ಮೇರಿ ಸೋಮರ್‌ವಿಲ್ ಜೊತೆ ಅವರನ್ನು ಗೌರವ ಸದಸ್ಯೆ ಮಾಡಿದರು. 1846ರಲ್ಲಿ, ತೊಂಬತ್ತಾರನೇ ವಯಸ್ಸಿನಲ್ಲಿ, ಪ್ರಶ್ಯದ ರಾಜರ ಚಿನ್ನದ ಪದಕವೂ ಬಂತು. ಹೊಗಳಿದಷ್ಟೂ ಅವರಿಗೆ ಇರಿಸುಮುರಿಸು. ನಾನು ಮಾಡಿದ್ದೇನು, ಅಣ್ಣ ಹೇಳಿದಂತೆ ಮಾಡಿದೆ ಅಷ್ಟೇ ಎಂಬ ಧಾಟಿಯಲ್ಲೇ ಕೊನೆಯವರೆಗೂ ಮಾತನಾಡಿದರು. ಈ ಒಂದು ವಿಷಯದಲ್ಲಿ ಮಾತ್ರ ಅವರ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಕ್ಯಾರೋಲಿನ್ ಹರ್ಷೆಲ್ 1848ರ ಜನವರಿ 9ರಂದು, ತೊಂಬತ್ತೇಳನೇ ವಯಸ್ಸಿನಲ್ಲಿ ಹ್ಯಾನೋವರ್‌ನಲ್ಲಿ ನಿಧನರಾದರು. ತಮ್ಮ ಜೊತೆ ಎರಡು ವಸ್ತುಗಳನ್ನು ಶವಪೆಟ್ಟಿಗೆಯಲ್ಲಿ ಇಡಬೇಕು ಎಂದು ಹೇಳಿಟ್ಟಿದ್ದರು. ಒಂದು, ಅಣ್ಣನ ಕೂದಲಿನ ಎಳೆ. ಇನ್ನೊಂದು, ತಂದೆ ಬಳಸುತ್ತಿದ್ದ ಒಂದು ಹಳೆಯ ಪಂಚಾಂಗ.

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)